ಅಂಗೌಬಿಯ ಹಗ್ಗ

ಹೈಂಗಾಂಗ್
೧೬ ಏಪ್ರಿಲ್ ೧೯೮೬

ಪ್ರೀತಿಯ ಅಣ್ಣ ಮಣಿಹಾರ್‌ಗೆ,

ನೀನು ಹೇಳಿದ ಕೆಲಸ ಮುಗಿಸಿದ್ದೇನೆ. ಹೊಸ ವರ್ಷದ ದಿನ ಊಟ ಮಾಡಿ ಊರೆಲ್ಲ ಗುಡ್ಡ ಹತ್ತಿತು. ನಾನೂ ಅಜ್ಜಿಯೂ ಹತ್ತಿ, ಮಾರ್ಜಿಂಗ್ ದೇವರ ಮುಂದೆ ನಿನ್ನ ಹೆಸರಿನಲ್ಲಿ ಮಣ್ಣಿನ ಕುದುರೆ ಇಟ್ಟು ಬಂದೆವು. ಈ ಸಲದ ಕುದುರೆಗಳು ಒಂದೂ ಸರಿಯಿರಲಿಲ್ಲ. ಅಜ್ಜಿ ಕುಂಬಾರಗಿತ್ತಿಗೆ, "ಏನೇ ಇದು, ರಾತ್ರಿ ಬೊಗಳುತ್ತಾ?" ಎಂದು ಕೇಳಿಬಿಟ್ಟಳು. ಕೊನೆಗೆ ಇದ್ದುದರಲ್ಲಿ ಕುದುರೆಯ ಹಾಗೆ ಕಾಣುವ ಒಂದನ್ನು ಆರಿಸಿದೆವು.

ಮೇಲೆ ಹೋದ ಮೇಲೆ ಅಜ್ಜಿ ಸುಮ್ಮನಿರುತ್ತಾಳೆಯೇ. ಮಕ್ಕಳನ್ನು ಗುಂಪು ಹಾಕಿಕೊಂಡು ಶಮಾದೋನ್ ಆಯಾಂಗ್ಬಾನ ಕಥೆ ತೆಗೆದಳು. ರೆಕ್ಕೆಯ ಕುದುರೆ ಆಕಾಶದಲ್ಲಿ ಹಾರಾಡುತ್ತಿದ್ದದ್ದು, ದೇವರುಗಳು ಅದನ್ನು ಪಳಗಿಸಿ ರೆಕ್ಕೆ ಕತ್ತರಿಸಿದ್ದು. ಪೂಜಾರಿಯ ಕಥೆ ಅಲ್ಲಿಗೆ ಮುಗಿಯುತ್ತದೆ, ನಮ್ಮ ಅಜ್ಜಿಯದು ಮುಗಿಯುವುದಿಲ್ಲ. "ಮಾರ್ಜಿಂಗಪ್ಪಂಗೆ ಹೊಟ್ಟೆ ಚುರುಕ್ ಅಂತು. ಆ ರೆಕ್ಕೆ ಎಸೀಲಿಲ್ಲ ಕಣ್ರೋ. ಸವಾರರ ಮೊಣಕಾಲಲ್ಲಿ ಬಚ್ಚಿಟ್ಟ. ಅದಕ್ಕೇ ಕುದುರೇನ ಕೈಯಲ್ಲಿ ಹಿಡೀಬಾರ್ದು, ಮೊಣಕಾಲಲ್ಲಿ ಹಿಡೀಬೇಕು." ಪೂಜಾರಿ ಕೇಳಿಸಿಕೊಂಡು, "ಅಜ್ಜೀ, ಇದು ಯಾವ ಪೋಥೀಲಿದೆ?" ಎಂದ. "ನಿನ್ನ ಪೋಥಿ ಬರ್ದೋನು ಯಾವತ್ತಾದ್ರೂ ಕುದುರೆ ಹತ್ತಿದ್ನಾ?" ಎಂದಳು. ಅವನು ಹಣೆ ಚಚ್ಚಿಕೊಂಡು ಒಳಗೆ ಹೋದ.

ನಿನ್ನ ಕುದುರೆ ಅಂಗೌಬಿ ಬೆಳ್ಳಗೆ ದುಂಡಗೆ ಆಗಿದ್ದಾಳೆ. ಎಡಕ್ಕೆ ತಿರುಗುವಾಗ ಮಾತ್ರ ಅರೆಕ್ಷಣ ಮೈ ಬಿಗಿಹಿಡಿಯುತ್ತಾಳೆ, ಆಮೇಲೆ ಒಮ್ಮೆಲೇ ಬಿಡುತ್ತಾಳೆ.

ಕುಂಜೋ ಚಿಕ್ಕಪ್ಪನ ಕಣ್ಣು ಅವಳ ಮೇಲೆ ಬಿದ್ದಿದೆ. "ಸವಾರ ಇಲ್ಲದ ಮನೇಲಿ ಕುದುರೆ ಯಾಕಮ್ಮ? ನನ್ನ ಮಗ ನಿಮಾಯಿಗೆ ಕೊಡು, ಊರಿನ ತಂಡಕ್ಕಾದ್ರೂ ಉಪಯೋಗ ಆಗ್ಲಿ" ಅನ್ನುತ್ತಾನೆ. ಚಳಿಗಾಲದ ಪೋಲೋ ಪಂದ್ಯಕ್ಕೆ ನೀನೇ ಬಂದು ಆಡುತ್ತೀಯ ಎಂದು ಹೇಳಿದ್ದೇನೆ. ಬರುತ್ತೀಯ ತಾನೆ?

ನಿನ್ನ ತಂಗಿ
ಇಬೆತೋಂಬಿ


ಜೈಪುರ
೪ ಮೇ ೧೯೮೬

ತೋಂಬೀ,

ಬರುತ್ತೇನೆ. ಅಪ್ಪ ಸತ್ತಾಗ ಅಂಗೌಬಿ ಹಾಲು ಕುಡಿಯುವ ಮರಿ. ಅವಳನ್ನು ನಿಮಾಯಿಯ ಕೈಗೆ ಕೊಡುವುದೇ? ಅವನು ಎಮ್ಮೆಯ ಮೇಲೆ ಕೂತರೆ ಎಮ್ಮೆಯೂ ಅತ್ತುಬಿಡುತ್ತದೆ. ಚಿಕ್ಕಪ್ಪನಿಗೆ ಹೇಳು, ಚಳಿಗಾಲಕ್ಕೆ ಮಣಿಹಾರ್ ಬರುತ್ತಾನೆ, ಆಡುತ್ತಾನೆ.

ಇಲ್ಲಿ ಬಿಸಿಲು ಹೇಳತೀರದು. ನಾನು ಕೆಲಸಕ್ಕಿರುವ ಠಾಕೂರ್ ಸಾಹೇಬರ ಲಾಯದಲ್ಲಿ ಹನ್ನೊಂದು ಕುದುರೆಗಳು, ಎಲ್ಲವೂ ತೆಂಗಿನ ಮರದೆತ್ತರ. ಹತ್ತಿದರೆ ಜಗಲಿಯ ಮೇಲೆ ಕೂತ ಹಾಗಾಗುತ್ತದೆ. ಅಂಗೌಬಿಯಂಥ ಮೋಟು ಕುದುರೆಯನ್ನು ಇವರು ನೋಡಿಯೇ ಇಲ್ಲ. ಫೋಟೋ ತೋರಿಸಿದರೆ, "ಇದು ಇನ್ನೂ ಬೆಳೆಯಬೇಕಲ್ಲವೇ?" ಎಂದರು. ಒಂದು ದಿನ ಅವಳನ್ನು ತಂದು ಇವರ ಎತ್ತರದವರ ಹೊಟ್ಟೆಯ ಕೆಳಗೆ ನುಗ್ಗಿಸಿ ತೋರಿಸಬೇಕು ಎನ್ನಿಸುತ್ತದೆ.

ಒಂದು ಮಾತು. ಎಡಕ್ಕೆ ತಿರುಗುವಾಗ ಅವಳು ಅರೆಕ್ಷಣ ಬಿಗಿಹಿಡಿಯುತ್ತಾಳೆ ಎಂದು ಬರೆದಿದ್ದೀಯ. ಅದು ನನಗೂ ಗೊತ್ತು, ಅವಳ ತಾಯಿಗೂ ಇದೇ ಅಭ್ಯಾಸ ಇದ್ದದ್ದು ಅಪ್ಪನಿಗೆ ಗೊತ್ತಿತ್ತು. ನೆಲದ ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ. ನಿನಗೆ ಹೇಗೆ ಗೊತ್ತಾಯಿತು? ಹೊರಡುವಾಗ ನಾನು ಏನು ಹೇಳಿದ್ದೆ, ನೆನಪಿದೆಯಲ್ಲ?

ಅಜ್ಜಿಗೆ ನಮಸ್ಕಾರ.

ಅಣ್ಣ


ಹೈಂಗಾಂಗ್
೩೦ ಮೇ ೧೯೮೬

ಅಣ್ಣಾ,

ನೆನಪಿದೆ. "ಮೇವು ಹಾಕು, ಮೈ ತಿಕ್ಕು, ಹತ್ತಬೇಡ" ಎಂದಿದ್ದೆ. ನಾನು ಐದು ವರ್ಷದವಳಿದ್ದಾಗ ಬಿದಿರು ಮೆಳೆಯ ಹಿಂದೆ ಯಾರಿಗೂ ಕಾಣದಂತೆ ಅಂಗೌಬಿಯ ತಾಯಿಯ ಬೆನ್ನ ಮೇಲೆ ಕೂರಿಸಿ, ಹಗ್ಗ ಹಿಡಿದು ನಡೆಸಿದವನು ಯಾರೆಂದೂ ನೆನಪಿದೆ. ಎಡಕ್ಕೆ ತಿರುಗುವ ವಿಷಯ ನನಗೆ ಅಜ್ಜಿ ಹೇಳಿದಳು. ಅಜ್ಜಿಗೆ ಯಾರು ಹೇಳಿದರೋ, ಅವಳನ್ನೇ ಕೇಳು.

ಮುಖ್ಯ ವಿಷಯ ಕೇಳು. ಅಮುಸನಾ ಓಜಾಗೆ ಒಳ್ಳೆಯ ಚರ್ಮ ಸಿಕ್ಕಿದೆ. ನಿನಗೆ ಆಟದ ಹೊಸ ಕಾಲುಪಟ್ಟಿ ಮಾಡಿಕೊಡುತ್ತಾನಂತೆ, ಪಾದದಿಂದ ಮೊಣಕಾಲಿನ ತನಕ ಮುಚ್ಚುವಂಥದ್ದು. ಹಳೆಯದನ್ನು ಇಲಿ ತಿಂದಿದೆ, ಬಯ್ಯಬೇಡ. ಕಾಗದದ ಮೇಲೆ ಪಾದ ಇಟ್ಟು ಸುತ್ತ ಗೆರೆ ಎಳೆದು ಕಳಿಸು. ಎರಡೂ ಪಾದ. ಓಜಾ ಬೇರೆ ಬೇರೆ ಕತ್ತರಿಸುತ್ತಾನೆ, ನಿನಗೆ ಗೊತ್ತಲ್ಲ. "ಎರಡೂ ಕಾಲು ಒಂದೇ ಅಳತೆ ಇರೋದು ಗೊಂಬೇಗೆ ಮಾತ್ರ" ಅನ್ನುತ್ತಾನೆ. ಬೇಗ ಕಳಿಸು, ಇಲ್ಲದಿದ್ದರೆ ಆ ಚರ್ಮವನ್ನು ಇನ್ಯಾರಾದರೂ ಹೊತ್ತುಕೊಂಡು ಹೋಗುತ್ತಾರೆ.

ತೋಂಬಿ


ಹೈಂಗಾಂಗ್
೨೪ ಜುಲೈ ೧೯೮೬

ಅಣ್ಣಾ,

ಎರಡು ತಿಂಗಳಾಯಿತು. ಒಂದು ಸಾಲೂ ಇಲ್ಲ. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿ ಬೇರೆ ದಾರಿ ಹಿಡಿಯುತ್ತಾನೆ. ಅಜ್ಜಿ, "ಅಲ್ಲಿ ಯಾವಳೋ ಲಂಗದೋಳು ಸಿಕ್ಕಿದ್ದಾಳೆ. ಇನ್ನು ಇವ್ನಿಗೆ ನಮ್ಮ ಹುಳಿಮೀನು ನಾರುತ್ತೆ" ಅನ್ನುತ್ತಾಳೆ. ಹಾಗಿದ್ದರೆ ಅದನ್ನೇ ಬರೆ ಮಾರಾಯ, ನಾವೇನೂ ಅವಳನ್ನು ತಿಂದುಬಿಡುವುದಿಲ್ಲ.

ಅಂಗೌಬಿಯನ್ನು ಎಂದಿನಂತೆ ಮಳೆಗಾಲಕ್ಕೆ ಜೌಗಿನ ಕಡೆ ಮೇಯಲು ಬಿಟ್ಟಿದ್ದೆ. ಉಳಿದ ಕುದುರೆಗಳ ಜೊತೆ ಹೋದವಳು ಒಂಬತ್ತು ದಿನ ಬರಲಿಲ್ಲ. ಜೌಗಿನ ಅರ್ಧ ಭಾಗಕ್ಕೆ ಮಣ್ಣು ತುಂಬಿ ಕಟ್ಟಡ ಎಬ್ಬಿಸುತ್ತಿದ್ದಾರೆ. ಹುಲ್ಲು ಹುಡುಕಿಕೊಂಡು ಎತ್ತ ಹೋದಳೋ ಎಂದು ದಿನಾ ಜೌಗಿನ ಅಂಚಿನ ತನಕ ಹೋಗಿ ಕೂಗಿ ಬರುತ್ತಿದ್ದೆ. ಹತ್ತನೆಯ ದಿನ ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ನಿಂತು ಅಜ್ಜಿಯ ಸಾಸಿವೆ ಸೊಪ್ಪು ತಿನ್ನುತ್ತಿದ್ದಾಳೆ, ಹೊಟ್ಟೆಯ ತನಕ ಕೆಸರು. ಅವಳ ಕುತ್ತಿಗೆ ತಬ್ಬಿಕೊಂಡು ಅತ್ತೆ. ಅಜ್ಜಿ ಸೊಪ್ಪಿಗಾಗಿ ಅತ್ತಳು.

ಅವಳೇ ಬಂದಳು. ನಿನ್ನಿಂದ ಒಂದು ಕಾಗದ ಬರಲಾರದೇ?

ತೋಂಬಿ


ಜೈಪುರ
೧೦ ಆಗಸ್ಟ್ ೧೯೮೬

ತೋಂಬೀ,

ಕೋಪ ಬೇಡ. ಜ್ವರ ಬಂದಿತ್ತು, ದೊಡ್ಡ ಜ್ವರ. ಈಗ ವಾಸಿ. ಇಲ್ಲಿ ಫ್ಯಾನು ಇದೆ, ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆ, ದಾಲ್ ಮಾತ್ರ ನೀರು. ಲಂಗದವಳು ಯಾರೂ ಇಲ್ಲ. ಒಬ್ಬಳು ಬಿಳಿ ಸೀರೆಯವಳು ದಿನಕ್ಕೆ ಮೂರು ಸಲ ಬಂದು ಕಹಿ ಗುಳಿಗೆ ನುಂಗಿಸುತ್ತಾಳೆ, ಅವಳಿಗೆ ನಮ್ಮ ಅಮ್ಮ ಇದ್ದಿದ್ದರೆ ಆಗುತ್ತಿದ್ದ ವಯಸ್ಸು.

ಪಾದದ ಅಳತೆ ಇದರ ಜೊತೆಗಿದೆ.

ಬಿಡುವು ಬಹಳ ಇರುವುದರಿಂದ ನಿನ್ನ ಕಾಗದಗಳನ್ನೆಲ್ಲ ಮತ್ತೆ ಮತ್ತೆ ಓದಿದೆ. ನನ್ನ ಕುದುರೆಯ ಮೇಲೆ ಯಾವುದೋ ದೆವ್ವ ಸವಾರಿ ಮಾಡುತ್ತಿದೆ ಎಂದು ನನಗೆ ಖಾತ್ರಿಯಾಗಿದೆ. ನೀನು ಆ ದೆವ್ವವನ್ನು ಕಂಡರೆ ಇಷ್ಟು ಹೇಳು. ಎಡಕ್ಕೆ ತಿರುಗುವ ಮುಂಚೆ ಹಗ್ಗ ಎಳೆಯಬಾರದು. ಎಡ ಮೊಣಕಾಲನ್ನು ಮೆಲ್ಲಗೆ ಒತ್ತಿ, ಉಸಿರು ಬಿಡಬೇಕು. ಅವಳು ಬಿಗಿಹಿಡಿಯುವುದು ಹೆದರಿಕೆಯಿಂದಲ್ಲ, ಮೇಲಿರುವವರು ನಿಜವಾಗಿಯೂ ತಿರುಗುತ್ತಾರೋ ಇಲ್ಲವೋ ಎಂದು ಕೇಳುತ್ತಾಳೆ ಅಷ್ಟೇ. ಚೆಂಡು ಕುತ್ತಿಗೆಯ ಕೆಳಗೆ ಹೋದಾಗ ದೆವ್ವ ಬಗ್ಗಿ ನೋಡಬಾರದು. ಕೋಲು ತಾನೇ ಹುಡುಕಿಕೊಳ್ಳುತ್ತದೆ. ಮತ್ತೆ ದೆವ್ವಕ್ಕೆ ಹೇಳು, ಬಿದ್ದರೆ ಹಗ್ಗ ಬಿಟ್ಟುಬಿಡಬೇಕು, ಕಾಲು ಎಳೆದುಕೊಳ್ಳಬೇಕು. ಇದನ್ನು ಎರಡು ಸಲ ಹೇಳು.

ಅಣ್ಣ


ಹೈಂಗಾಂಗ್
೨೫ ಆಗಸ್ಟ್ ೧೯೮೬

ಸೋಮಾರಿ ಅಣ್ಣನಿಗೆ,

ಎರಡೂ ಪಾದ ಎಂದು ಬಿಡಿಸಿ ಬರೆದರೂ ಒಂದೇ ಕಳಿಸಿದ್ದೀಯಲ್ಲ! ಬಲಗಾಲಿನದು ಮಾತ್ರ ಇದೆ. ಜ್ವರ ಬಂದರೆ ಪೆನ್ಸಿಲು ಇನ್ನೊಂದು ಕಾಲಿನ ಸುತ್ತ ಓಡುವುದಿಲ್ಲವೇ? ಅಮುಸನಾ ಓಜಾ ಬಲಗಾಲಿನ ಪಟ್ಟಿ ಹೊಲಿದು ಗೋಡೆಗೆ ನೇತುಹಾಕಿದ್ದಾನೆ. "ನಿಮ್ಮಣ್ಣ ಒಂಟಿ ಕಾಲಿನ ಕೊಕ್ಕರೆ ಆದ್ನಾ?" ಎಂದು ಊರವರೆದುರು ನಗುತ್ತಾನೆ. ಎಡಗಾಲಿನದನ್ನು ಕೂಡಲೇ ಕಳಿಸು.

ಅಜ್ಜಿಗೆ ಆ ಕಾಗದ ತೋರಿಸಿದೆ. ಗೇಣು ಹಾಕಿ ನೋಡಿದಳು. ಮಡಿಸಿ ಮನೆದೇವರ ಮೂಲೆಯಲ್ಲಿ ಇಟ್ಟಳು. ಅವತ್ತು ಮಾರುಕಟ್ಟೆಗೂ ಹೋಗಲಿಲ್ಲ. ವಯಸ್ಸಾಯಿತು, ದಣಿಯುತ್ತಾಳೆ.

ದೆವ್ವ ನಿನಗೆ ನಮಸ್ಕಾರ ಹೇಳಿದೆ. ಮೊಣಕಾಲು ಒತ್ತಿ ಉಸಿರು ಬಿಟ್ಟರೆ ಅವಳು ನೀರಿನ ಹಾಗೆ ತಿರುಗುತ್ತಾಳಂತೆ. ದೆವ್ವ ಮೊನ್ನೆ ಗದ್ದೆಯಲ್ಲಿ ನಿಮಾಯಿಯ ಕೋಲಿನಿಂದ ಚೆಂಡು ಕಸಿದುಕೊಂಡಿತಂತೆ. ನಿಮಾಯಿ ಮನೆಗೆ ಹೋಗಿ ಅಪ್ಪನಿಗೆ ಹೇಳಿದ.

ಅದರಿಂದಲೇ ತೊಂದರೆ ಶುರುವಾಯಿತು. ಚಿಕ್ಕಪ್ಪ ಹೊಸ ಹಗ್ಗ ಹೊಸೆಸಿ ತಂದು ನಮ್ಮ ಜಗಲಿಯಲ್ಲಿ ಇಟ್ಟುಹೋಗಿದ್ದಾನೆ. "ಹೆಣ್ಣುಮಗು, ನಾಳೆ ಮದ್ವೆ ಆಗಿ ಹೋಗೋಳು. ಹೆಣ್ಣುಮಕ್ಕಳನ್ನ ತವರಿಗೆ ಕರ್ದು ಉಣ್ಸೋ ಚಕ್ಕೌಬಾ ಹಬ್ಬದ ತನಕ ಕಾಯ್ತೀನಿ. ಅಷ್ಟರೊಳ್ಗೆ ಮಣಿಹಾರ್ ಬಂದ್ರೆ ಸರಿ. ಬರ್ಲಿಲ್ಲ ಅಂದ್ರೆ ಹಬ್ಬದ ಮಾರನೇ ದಿನ ಇದೇ ಹಗ್ಗ ಹಾಕಿ ಅಂಗೌಬಿನ ಹೊಡ್ಕೊಂಡು ಹೋಗ್ತೀನಿ" ಎಂದ. ಅವನು ಕೆಟ್ಟವನಲ್ಲ, ನಿನಗೂ ಗೊತ್ತು. ಅಪ್ಪನಿಲ್ಲದ ಮನೆಯಲ್ಲಿ ಅವನ ಮಾತೇ ಕೊನೆ. ನೀನು ಬಂದು ಅಂಗಳದಲ್ಲಿ ನಿಂತರೆ ಸಾಕು, ಅವಳು ಉಳಿಯುತ್ತಾಳೆ.

ತೋಂಬಿ


ಜೈಪುರ
೮ ಸೆಪ್ಟೆಂಬರ್ ೧೯೮೬

ನನ್ನ ತೋಂಬಿ,

ಇದನ್ನು ಓದುವ ಮುಂಚೆ ಕೂತುಕೋ.

ಎಡಗಾಲಿನ ಅಳತೆ ಕಳಿಸಲಾರೆ. ಆ ಪಾದ ಈಗ ಇಲ್ಲ. ಜೂನ್ ಮೊದಲ ವಾರ ಒಂದು ಕೆಂಚು ಕುದುರೆ ಬೆಳಗಿನ ಓಟದಲ್ಲಿ ಮುಗ್ಗರಿಸಿ ನನ್ನ ಮೇಲೆ ಬಿತ್ತು. ಯಾರ ತಪ್ಪೂ ಅಲ್ಲ, ಕುದುರೆಯದೂ ಅಲ್ಲ. ನಾನು ಹಗ್ಗ ಬಿಡಲಿಲ್ಲ, ಕಾಲು ಎಳೆದುಕೊಳ್ಳಲಿಲ್ಲ. ಅದಕ್ಕೇ ದೆವ್ವಕ್ಕೆ ಎರಡು ಸಲ ಹೇಳು ಎಂದಿದ್ದೆ. ಗಾಯ ಕೊಳೆಯಲು ಶುರುವಾದಾಗ ಕತ್ತರಿಸಿದರು. ಠಾಕೂರ್ ಸಾಹೇಬರು ದಿನಾ ಆಸ್ಪತ್ರೆಗೆ ಬಂದು ನೋಡಿ ಹೋಗುತ್ತಾರೆ. ಈಗ ಮರದ ಕಾಲು ಕೊಡಿಸಿದ್ದಾರೆ. ಬಿಳಿ ಸೀರೆಯವಳು ನನ್ನನ್ನು ವರಾಂಡದಲ್ಲಿ ನಡೆಸುತ್ತಾಳೆ, ಮಗುವಿಗೆ ನಡಿಗೆ ಕಲಿಸಿದ ಹಾಗೆ.

ಬರೆಯಬೇಕೆಂದು ಎಷ್ಟು ಸಲ ಕಾಗದ ತೆಗೆದೆನೋ. ನಾನು ಬಂದು ಆಡುತ್ತೇನೆ ಎಂಬ ಮಾತಿನ ಮೇಲೆ ಅಂಗೌಬಿ ನಿಂತಿದ್ದಾಳೆ. ಆ ಮಾತು ಸುಳ್ಳೆಂದು ಬರೆದರೆ ಮರುದಿನವೇ ಅವಳು ಹೋಗುತ್ತಾಳಲ್ಲ ಎಂದು ಸುಮ್ಮನಿದ್ದೆ. ಇನ್ನೂ ನಿಜ ಹೇಳಬೇಕೆಂದರೆ, ಬರೆದರೆ ಅದು ನನಗೂ ನಿಜವಾಗಿಬಿಡುತ್ತದೆ ಎಂದು ಹೆದರಿದ್ದೆ.

ಅಜ್ಜಿಗೆ ಹೇಗೆ ಹೇಳುವುದೋ ನೀನೇ ಯೋಚಿಸು. ಊರಲ್ಲಿ ಇನ್ಯಾರಿಗೂ ಬೇಡ.

ಮಣಿಹಾರ್


ಹೈಂಗಾಂಗ್
೨೧ ಸೆಪ್ಟೆಂಬರ್ ೧೯೮೬

ಅಣ್ಣಾ,

ನಿನ್ನ ಕಾಗದ ಓದಿ ಲಾಯಕ್ಕೆ ಹೋಗಿ ಅಂಗೌಬಿಯ ಪಕ್ಕ ಕೂತುಬಿಟ್ಟೆ. ಸೋಮಾರಿ ಎಂದೆನಲ್ಲ, ಕೊಕ್ಕರೆ ಎಂದು ಬರೆದೆನಲ್ಲ. ಈ ಕೈ ಮುರಿಯಬೇಕಿತ್ತು.

ಅಜ್ಜಿಗೆ ಹೇಳಲು ಹೋದೆ. "ಗೊತ್ತು" ಎಂದಳು. "ಹುಟ್ಟಿದಾಗಿಂದ ಅವ್ನು ಎಲ್ಲಕ್ಕೂ ಎಡಗಾಲೇ ಮುಂದೆ ಇಡೋದು. ಒಂದೇ ಪಾದ ಬರೆಯೋ ಸೋಮಾರಿ ಆಗಿದ್ರೆ ಎಡಗಾಲು ಬರೀತಿದ್ದ. ಬಲಗಾಲು ನೋಡಿದ ಕೂಡ್ಲೇ ನಂಗೆ ತಿಳೀತು." ಒಂದು ತಿಂಗಳು ಒಬ್ಬಳೇ ಅದನ್ನು ಎದೆಯಲ್ಲಿಟ್ಟುಕೊಂಡು ಮಾರುಕಟ್ಟೆಯಲ್ಲಿ ಸೊಪ್ಪು ಮಾರಿದ್ದಾಳೆ. ನನಗೆ ಹೇಳಬೇಕಿತ್ತಲ್ಲ ಎಂದರೆ, "ನೀನು ಕುದುರೆ ಹತ್ತೋದು ನಂಗೆ ಹೇಳಿದ್ಯಾ?" ಎಂದಳು. ಆಮೇಲೆ ನನ್ನನ್ನು ಮಡಿಲಿಗೆ ಎಳೆದುಕೊಂಡು ತಾನೂ ಅತ್ತಳು.

ಹೌದು, ಹತ್ತುತ್ತೇನೆ. ನೀನು ಹೋದ ಮೂರನೆಯ ವಾರದಿಂದ. ದೆವ್ವ ಗಿವ್ವ ಏನಿಲ್ಲ, ನಾನೇ. ಅವಳ ಮೇಲೆ ಕೂತಾಗ ಮಾತ್ರ ನನಗೆ ನಾನು ಇಡಿಯಾಗಿ ಇದ್ದೇನೆ ಅನ್ನಿಸುತ್ತದೆ. ಹೀಗೆ ಹೇಳಿದರೆ ನೀನು ನಗುತ್ತೀಯ ಎಂದು ಹೇಳಿರಲಿಲ್ಲ.

ಈಗ ಅದೆಲ್ಲ ಬೇಡ. ಚಿಕ್ಕಪ್ಪ ಕರೆದುಕೊಂಡು ಹೋಗಲಿ. ಅವಳು ಅವನ ಅಂಗಳದಲ್ಲಿದ್ದರೂ ನೋಡಿಕೊಂಡು ಬರಬಹುದು. ನೀನು ಬಾ. ಎಷ್ಟು ಕಾಲಿದ್ದರೆ ಅಷ್ಟೇ ಕಾಲಲ್ಲಿ ಬಾ.

ತೋಂಬಿ


ಜೈಪುರ
೫ ಅಕ್ಟೋಬರ್ ೧೯೮೬

ತೋಂಬೀ,

ನಗಲಿಲ್ಲ.

ನೀನು ಬರೆದ ಆ ಮಾತು ನನ್ನದೂ ಹೌದು. ಅದನ್ನು ಓದಿದ ಮೇಲೆ ನನಗೆ ದಾರಿ ಕಂಡಿತು. ಇದರೊಳಗೆ ಇನ್ನೊಂದು ಕಾಗದ ಮುಚ್ಚಿಟ್ಟಿದ್ದೇನೆ. ಅದು ಕುಂಜೋ ಚಿಕ್ಕಪ್ಪನ ಹೆಸರಿಗೆ. ನೀನು ಒಡೆಯಬೇಡ. ಚಕ್ಕೌಬಾ ದಿನ ಊಟ ಮುಗಿದು, ಇನ್ನೂ ಎಲ್ಲರೂ ಕೂತಿರುವಾಗ ಅವನ ಕೈಗೆ ಕೊಡು. ಮೇಷ್ಟ್ರಾಗಿದ್ದವನು, ಯಾರ ಕಾಗದ ಸಿಕ್ಕರೂ ಎದ್ದು ನಿಂತು ಗಟ್ಟಿಯಾಗಿ ಓದದೆ ಇರುವುದಿಲ್ಲ. ಓದಲಿ. ಮಧ್ಯೆ ನಿಲ್ಲಿಸಿದರೆ ಅಜ್ಜಿ ಕೆಮ್ಮಲಿ.

ಅಣ್ಣ


ಹೈಂಗಾಂಗ್
೪ ನವೆಂಬರ್ ೧೯೮೬

ಅಣ್ಣಾ, ಕಳ್ಳಾ,

ಎಲ್ಲಿಂದ ಶುರುಮಾಡಲಿ?

ನಿನ್ನೆ ಹಬ್ಬ ಚಿಕ್ಕಪ್ಪನ ಮನೆಯಲ್ಲೇ. ಮದುವೆಯಾಗಿ ಹೋದ ಅವನ ಮೂವರು ಹೆಣ್ಣುಮಕ್ಕಳೂ ಗುಲಾಬಿ ಬಣ್ಣದ ಫನೇಕ್ ಉಟ್ಟು, ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ನಾನು, ಅಜ್ಜಿ, ಅಕ್ಕಪಕ್ಕದವರು, ಅಮುಸನಾ ಓಜಾ, ತಂಡದ ಹಿರಿಯರು ಇಬ್ಬರು. ಮೀನು ಏಳು ಬಗೆ. ಚಿಕ್ಕಪ್ಪ ತಾನೇ ಬಡಿಸಿದ, ಮಕ್ಕಳ ಕೈಗೆ ಉಡುಗೊರೆ ಇಟ್ಟ. ನನಗೂ ಒಂದು ಶಾಲು ಕೊಟ್ಟ. ಜಗಲಿಯಲ್ಲಿ ಆ ಹಗ್ಗ ಸುತ್ತಿಟ್ಟಿತ್ತು. ನಮ್ಮ ಮನೆಯಿಂದ ಬೆಳಿಗ್ಗೆಯೇ ತೆಗೆದುಕೊಂಡು ಹೋಗಿದ್ದ, ಮಾರನೆಯ ದಿನದ ಕೆಲಸಕ್ಕೆ.

ಕಾಗದ ಕೊಟ್ಟೆ. "ಓಹೋ, ಮಣಿಹಾರನದು!" ಎಂದು ಎದ್ದು ನಿಂತು, ಕನ್ನಡಕ ಹಾಕಿ, ಗಂಟಲು ಸರಿಮಾಡಿಕೊಂಡ. ಮೊದಲ ಸಾಲುಗಳಲ್ಲಿ ನೀನು ಅವನನ್ನು ಹೊಗಳಿದ್ದನ್ನು ಎರಡು ಸಲ ಓದಿದ. ಆಮೇಲೆ, ನನ್ನ ಎಡಗಾಲು ಹೋಗಿದೆ ಚಿಕ್ಕಪ್ಪ, ಇನ್ನು ನಾನು ಪಂದ್ಯ ಆಡಲಾರೆ ಎಂಬ ಸಾಲಿಗೆ ಬಂದ. ದನಿ ನಿಂತುಹೋಯಿತು. ಅಜ್ಜಿ ಕೆಮ್ಮಬೇಕಿತ್ತು, ಕೆಮ್ಮಲಿಲ್ಲ. ಅವನೇ ಕನ್ನಡಕ ಒರೆಸಿಕೊಂಡು ಮುಂದೆ ಓದಿದ. ಅಣ್ಣಾ, ನನಗೆ ಅದು ಬಾಯಿಪಾಠವಾಗಿದೆ:

"ಇಂದು ಅಣ್ಣನಾದವನು ತಂಗಿಗೆ ಉಣ್ಣಿಸಿ ಕೈಗೆ ಏನಾದರೂ ಇಡಬೇಕಾದ ದಿನ. ಈ ದಿನ ಹೆಣ್ಣುಮಗಳ ಕೈಗೆ ಇಟ್ಟದ್ದನ್ನು ನಮ್ಮ ಮನೆತನದಲ್ಲಿ ಯಾರೂ ಮರಳಿ ಕೇಳಿದ್ದಿಲ್ಲ. ನಾನು ದೂರದಲ್ಲಿದ್ದೇನೆ. ನಮ್ಮ ತಂದೆಯ ಸ್ಥಾನದಲ್ಲಿರುವ ತಾವು ನನ್ನ ಪರವಾಗಿ ಅಂಗೌಬಿಯ ಹಗ್ಗವನ್ನು ಇಬೆತೋಂಬಿಯ ಕೈಗೆ ಕೊಡಬೇಕು. ಸವಾರ ಇಲ್ಲದ ಮನೆಯಲ್ಲಿ ಕುದುರೆ ಇರಬಾರದು ಎಂದಿರಿ. ನಿಮ್ಮ ಮಾತು ಸರಿ. ನಮ್ಮ ಮನೆಯಲ್ಲಿ ಸವಾರ ಇದ್ದಾಳೆ."

ಓದಿ ಮುಗಿಸಿ ಕಾಗದ ಮಡಿಸಿದ. ನಿಮಾಯಿ ಏನೋ ಹೇಳಲು ಹೋದ. ಅವನ ದೊಡ್ಡಕ್ಕ, "ಸುಮ್ನಿರೋ, ಗದ್ದೇಲಿ ಚೆಂಡು ಕಳ್ಕೊಂಡೋನು ನೀನೇ ಅಲ್ವಾ" ಎಂದಳು. ಎಲ್ಲರೂ ನಕ್ಕುಬಿಟ್ಟರು, ಅಳುತ್ತಿದ್ದವರೂ. ಚಿಕ್ಕಪ್ಪ ಜಗಲಿಗೆ ಹೋಗಿ ಆ ಹಗ್ಗ ತಂದ. ತಾನೇ ಹೊಸೆಸಿದ ಹಗ್ಗ. ನನ್ನೆರಡು ಕೈ ಜೋಡಿಸಿ ಅದರೊಳಗೆ ಇಟ್ಟ. "ಇದು ಮಣಿಹಾರ್ ಕೊಟ್ಟಿದ್ದು. ಹಗ್ಗ ಮಾತ್ರ ನಂದು" ಎಂದ. ಆಮೇಲೆ ನನ್ನ ಕಡೆ ನೋಡದೆ, "ಅಷ್ಟು ದೊಡ್ಡ ವಿಷ್ಯ ಆ ಹುಡ್ಗ ನಂಗೆ ಮೊದ್ಲೇ ಹೇಳ್ಬಾರ್ದಿತ್ತಾ? ನಾನೇನು ಪರಕೀಯನಾ?" ಎಂದು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅವನಿಗೆ ಒಂದು ಕಾಗದ ಬರೆ ಅಣ್ಣಾ, ಬೇರೆಯಾಗಿ, ಗಟ್ಟಿಯಾಗಿ ಓದುವುದಕ್ಕಲ್ಲ.

ತಂಡದ ಹಿರಿಯರು ತಲೆ ಕೆರೆದುಕೊಂಡರು. ಹೆಣ್ಣು ಆಡಿದ್ದುಂಟೇ ಎಂದು ಒಬ್ಬರು. ಕುದುರೆ ಯಾರದೋ ಅವರು ಹೇಳಿದವರೇ ಸವಾರರು, ಇದು ಮೊದಲಿನಿಂದ ಇದ್ದ ರೂಢಿ ಎಂದು ಇನ್ನೊಬ್ಬರು. ಕುದುರೆಯ ಒಡತಿ ನಾನು. ನಾನು ನನ್ನನ್ನೇ ಹೇಳಿದೆ. ಪಂದ್ಯ ಡಿಸೆಂಬರ್ ಏಳಕ್ಕೆ.

ಅಮುಸನಾ ಓಜಾ ನನ್ನ ಎರಡೂ ಪಾದದ ಅಳತೆ ತೆಗೆದುಕೊಂಡು ಹೋದ. ಕೊಕ್ಕರೆ ಎಂದದ್ದಕ್ಕೆ ಅಜ್ಜಿಯ ಕಾಲು ಹಿಡಿದ. ನಿನ್ನ ಬಲಗಾಲಿನ ಪಟ್ಟಿಯನ್ನು ಕೊಡಲಿಲ್ಲ, ಅದು ಗೋಡೆಯ ಮೇಲೆಯೇ ಇದೆ.

ತೋಂಬಿ


ದಿಮಾಪುರ
೨ ಡಿಸೆಂಬರ್ ೧೯೮೬

ತೋಂಬೀ,

ಇಲ್ಲಿಯ ತನಕ ರೈಲಿನಲ್ಲಿ ಬಂದೆ. ಈ ಚೀಟಿಯನ್ನು ನಮ್ಮೂರ ಲಾರಿಯವನ ಕೈಗೆ ಕೊಡುತ್ತಿದ್ದೇನೆ, ಅವನು ಇವತ್ತೇ ಮುಟ್ಟುತ್ತಾನೆ. ನಾನು ನಾಡಿದ್ದು ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಪಂದ್ಯ ನೋಡದೆ ಬಿಡುತ್ತೇನೆಯೇ? ಚಿಕ್ಕಪ್ಪನಿಗೆ ಬೇರೆ ಬರೆದೆ. ಅವನ ಉತ್ತರವೂ ಬಂತು, ಆರು ಪುಟ, ಬರೀ ಬೈಗುಳ. ಓದಿ ಸಮಾಧಾನವಾಯಿತು.

ಬಸ್ಸಿನ ಹತ್ತಿರ ಊರನ್ನೆಲ್ಲ ಕರೆತರಬೇಡ. ನೀನು ಬಾ, ಅಂಗೌಬಿಯನ್ನು ಕರೆದುಕೊಂಡು ಬಾ. ಓಜಾನ ಗೋಡೆಯಿಂದ ನನ್ನ ಬಲಗಾಲಿನ ಪಟ್ಟಿ ಇಳಿಸಿ ತಾ. ಎಡಗಾಲಿಗೆ ಪಟ್ಟಿ ಬೇಡ. ಆ ಮರದ ಕಾಲಿನ ಏಟಿನಿಂದ ಕಾಪಾಡಬೇಕಾಗಿರುವುದು ಅಂಗೌಬಿಯ ಪಕ್ಕೆಯನ್ನು, ಅಲ್ಲಿಗೆ ಒಂದು ದಪ್ಪ ಕಂಬಳಿ ಹೊದಿಸಿರು.

ಬಸ್ಸಿನಿಂದ ಮನೆಯ ತನಕ ಎರಡು ಮೈಲಿ. ಅಷ್ಟು ದೂರ ನಾನು ಇನ್ನೂ ನಡೆಯಲಾರೆ. ನೀನು ನನ್ನನ್ನು ಅವಳ ಮೇಲೆ ಕೂರಿಸಿ, ನಿನ್ನ ಹಗ್ಗ ಹಿಡಿದು ಮುಂದೆ ನಡೆ. ಬಿದಿರು ಮೆಳೆಯ ಹಿಂದಿನ ದಾರಿ ಬೇಡ, ದೊಡ್ಡ ಬೀದಿಯಲ್ಲೇ ಹೋಗೋಣ. ನಾನು ಹೆದರಿ ಅವಳ ಕೂದಲು ಹಿಡಿದರೆ, ನಾನು ನಿನಗೆ ಬಯ್ಯುತ್ತಿದ್ದ ಹಾಗೆ ಬಯ್ಯಿ.

ಮತ್ತೆ ಅಜ್ಜಿಗೆ ಒಂದು ಮಾತು ಹೇಳು, ಮೊದಲೇ ಬರೆಯಲು ಮರೆತಿದ್ದೆ. ಡಾಕ್ಟರು ಕತ್ತರಿಸಿದ್ದು ಮೊಣಕಾಲಿನ ಕೆಳಗೆ. ಮೊಣಕಾಲು ಎರಡೂ ಹಾಗೇ ಇವೆ.

ಅಣ್ಣ